ಎಲ್ಲಿ ನೋವು ಅಂತ ಯಾವ ಭಾಷೆಯಲ್ಲಿ ಹೇಳೋದು?



ಹಾಡು, ಹರಟೆ, ಹಬ್ಬದ ಶುಭಾಶಯ ಅಂತ ನಿಮ್ಮ ಮನೆಗೆ ಬರುವ ಈ ದನಿ ಇವತ್ತು ಬೇರೆಯದೇ ವಿಷಯ ಹಿಡಿದು ಬಂದಿದೆ. ವಿಷಯ ಏನು ಗೊತ್ತಾ? ಸರ್ಕಾರಿ ಕಚೇರಿ! ಕಟ್ಟು ಬಿಗಿದ ಕಡತ, ಊಟದ ಹೊತ್ತಿನ ಖಾಲಿ ಕುರ್ಚಿ, ‘ನಾಳೆ ಬನ್ನಿ’ ಅನ್ನುವ ಉತ್ತರ ನೆನಪಾಗಿ ರೇಡಿಯೋ ಕಿವಿ ತಿರುವಬೇಡಿ. ಹತ್ತು ನಿಮಿಷ ಕೊಡಿ. ಇದು ನಮ್ಮ ಮನೆಯ ಹಿರಿಯರ ಆರೋಗ್ಯದ ಮಾತು, ಊರು ಬಿಟ್ಟು ಬಂದು ಇಲ್ಲಿ ಇಟ್ಟಿಗೆ ಹೊರುವ ನಮ್ಮವರ ಜೀವದ ಮಾತು.

ಮೊದಲು ಒಂದು ಸಣ್ಣ ಪರೀಕ್ಷೆ. ಔಷಧಿ ಅಂಗಡಿಯವರು ಗುಳಿಗೆ ಕೊಟ್ಟು ‘ಉಪಾಶಿ ಪೋಟೀ ಘ್ಯಾ’ ಅನ್ನುತ್ತಾರೆ. ಪುಣೆಯಲ್ಲಿ ನಾಲ್ಕು ವರ್ಷ ಇದ್ದವರಿಗೆ ಅರ್ಥ ಸರಳ: ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ. ಮೊನ್ನೆ ಊರಿಂದ ಬಂದವರ ಕಿವಿಗೆ ಕೇಳಿಸುವುದು ‘ಉಪವಾಸ’! ಗುಳಿಗೆ ನುಂಗಿ ದಿನವಿಡೀ ಅನ್ನ ಮುಟ್ಟದೆ ಕೂತರೆ ತಪ್ಪು ಯಾರದು? ಸಕ್ಕರೆ ಕಾಯಿಲೆಯವರಾದರೆ ಗತಿ ಏನು?

ಇಂಥ ಜೋಡಿ ಪದಗಳು ಎಷ್ಟಿವೆ ನೋಡಿ. ಮರಾಠಿಯ ‘ತಾಪ’ ಅಂದರೆ ಜ್ವರ, ನಮಗೆ ಅದು ಬಿಸಿಲಿನ ತಾಪ, ಇಲ್ಲವೇ ಮನಸ್ತಾಪ. ಮರಾಠಿಯಲ್ಲಿ ‘ಸಂಕಟ’ ಅಂದರೆ ವಿಪತ್ತು, ನಮ್ಮ ಅಜ್ಜಿಗೆ ಸಂಕಟ ಆಗುವುದು ಎದೆಯಲ್ಲಿ, ಹೊಟ್ಟೆಯಲ್ಲಿ. ಡಾಕ್ಟರು ‘ಆರಾಮ ಕರಾ’ ಅಂದರೆ ವಿಶ್ರಾಂತಿ ತಗೊಳ್ಳಿ ಅಂತ. ವಿಜಯಪುರದ ಕಡೆಯವರು ‘ಆರಾಮಿಲ್ರೀ’ ಅಂದರೆ ಮೈ ಹುಷಾರಿಲ್ಲ ಅಂತ. ಪದ ಒಂದೇ, ದಾರಿ ಎರಡು. ಪೂರ್ತಿ ಅಪರಿಚಿತ ಭಾಷೆಯಾದರೆ ‘ಅರ್ಥ ಆಗಲಿಲ್ಲ’ ಅಂತಾದರೂ ಹೇಳುತ್ತೇವೆ. ನೆಂಟ ಭಾಷೆಯಲ್ಲಿ ಅರ್ಥ ಆದಂತೆ ಅನಿಸಿಬಿಡುತ್ತದೆ. ಅಪಾಯ ಇರುವುದೇ ಅಲ್ಲಿ.

ಇನ್ನು ಉಲ್ಟಾ ದಾರಿ. ‘ಕಣ್ಣಿಗೆ ಕತ್ತಲಿ ಬರತೈತಿ’, ‘ಎದಿ ಹಿಡಕೊಂಡೈತಿ’, ‘ಮೈಯಾಗ ಕಸುವಿಲ್ಲ’ ಅಂತ ಹೇಳುವ ಹೆಣ್ಣುಮಗಳ ಮಾತನ್ನು ಮರಾಠಿ ಡಾಕ್ಟರಿಗೆ ಯಾರು ಮುಟ್ಟಿಸಬೇಕು? ಬಹಳ ಸಲ ಆ ಕೆಲಸ ಬೀಳುವುದು ಮನೆಯ ಮಗುವಿನ ಮೇಲೆ. ಮುನಿಸಿಪಾಲಿಟಿ ಶಾಲೆಯಲ್ಲಿ ಮರಾಠಿ ಕಲಿತ ಹತ್ತು ವರ್ಷದ ಹುಡುಗ ಅಮ್ಮನ ಪಕ್ಕ ನಿಂತು ಅನುವಾದ ಮಾಡಬೇಕು. ತಾಯಿಗೆ ಮುಟ್ಟಿನ ತೊಂದರೆ ಇದ್ದರೆ? ಗರ್ಭಕೋಶದ ವಿಷಯವಾದರೆ? ಅವಳು ಮಗನ ಮುಂದೆ ಬಾಯಿ ಬಿಡುವುದಿಲ್ಲ. ‘ಹೊಟ್ಟೆನೋವು ಅಂತ ಹೇಳಪ್ಪ’ ಅನ್ನುತ್ತಾಳೆ. ಕೇಸ್ ಪೇಪರಿನ ಮೇಲೆ ಹೊಟ್ಟೆನೋವು ಅಂತಲೇ ಬರುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ, ಕೇಳುಗರೇ. ಇದು ಮರಾಠಿಯ ಮೇಲಿನ ದೂರು ಅಲ್ಲ. ಅನ್ನ ಕೊಟ್ಟ ಊರಿನ ಭಾಷೆಯನ್ನು ನಾವು ಕಲಿಯಲೇಬೇಕು, ಪ್ರೀತಿಯಿಂದ ಕಲಿಯಬೇಕು. ಆದರೆ ಕಾಯಿಲೆ ನಮ್ಮ ಮರಾಠಿ ಪಾಠ ಮುಗಿಯಲಿ ಅಂತ ಕಾಯುವುದಿಲ್ಲ. ಎಷ್ಟು ಭಾಷೆ ಬಂದರೂ ನೋವು ಬಂದಾಗ ಬಾಯಿಗೆ ಬರುವುದು ‘ಅವ್ವಾ’ ಅನ್ನುವ ಮಾತೇ ತಾನೇ?

ಈ ತೊಂದರೆ ಪುಣೆಗೆ ಮಾತ್ರ ಸೇರಿದ್ದಲ್ಲ. ಅಲ್ಪಸಂಖ್ಯಾತರ ಆರೋಗ್ಯ ಯಾಕೆ ಹಿಂದೆ ಬೀಳುತ್ತದೆ ಅಂತ ಅಮೆರಿಕ ಒಮ್ಮೆ ಕೂತು ಲೆಕ್ಕ ಹಾಕಿತು. ಆಗಿನ ಆರೋಗ್ಯ ಸಚಿವೆ ಮಾರ್ಗರೆಟ್ ಹೆಕ್ಲರ್ ಅವರ ಹೆಸರಿನಿಂದ ಪ್ರಸಿದ್ಧವಾದ ವರದಿ 1985ರಲ್ಲಿ ಹೊರಬಂತು. ಬಿಳಿಯರಿಗೆ ಸಿಗುವ ಆರೋಗ್ಯ ಎಲ್ಲರಿಗೂ ಸಿಕ್ಕಿದ್ದರೆ ಆಗದೇ ಇರಬಹುದಾಗಿದ್ದ ಸಾವುಗಳು ವರ್ಷಕ್ಕೆ ಸುಮಾರು 60,000 ಅಂತ ಅದು ಹೇಳಿತು. ಮರುವರ್ಷ, 1986ರಲ್ಲಿ, ಅಲ್ಲಿನ ಆರೋಗ್ಯ ಇಲಾಖೆಯೊಳಗೆ ಅಲ್ಪಸಂಖ್ಯಾತರ ಆರೋಗ್ಯಕ್ಕೆಂದೇ ಒಂದು ಕಚೇರಿ ಹುಟ್ಟಿತು.

ಆ ಕಚೇರಿ 2000ದಲ್ಲಿ ಆಸ್ಪತ್ರೆಗಳಿಗೆ ಕೆಲವು ಮಾನದಂಡಗಳನ್ನು ಕೊಟ್ಟಿತು. ರೋಗಿಗೆ ಭಾಷೆಯ ನೆರವು ಬಿಟ್ಟಿಯಾಗಿ ಸಿಗಬೇಕು. ಆಸ್ಪತ್ರೆ ತೆರೆದಿರುವಷ್ಟು ಹೊತ್ತೂ ಸಿಗಬೇಕು. ರೋಗಿಯೇ ಕೇಳಿಕೊಂಡರೆ ಹೊರತು ಮನೆಯವರನ್ನು, ಗೆಳೆಯರನ್ನು ದುಭಾಷಿಯಾಗಿ ನಿಲ್ಲಿಸಬಾರದು. ಆ ಹತ್ತು ವರ್ಷದ ಹುಡುಗನ ಹೆಗಲ ಭಾರ ಇಳಿಸುವುದು ಈ ಮೂರನೆಯ ಮಾತು.

ಹಾಗಂತ ಕಚೇರಿ ತೆರೆದರೆ ಎಲ್ಲ ಮುಗಿಯಿತೇ? ಇಲ್ಲ. 2025ರಲ್ಲಿ ಅದೇ ಅಮೆರಿಕದ ಆರೋಗ್ಯ ಇಲಾಖೆಯಲ್ಲಿ ಸಾವಿರಾರು ಹುದ್ದೆಗಳಿಗೆ ಕತ್ತರಿ ಬಿತ್ತು. ಇಂಗ್ಲಿಷ್ ಬಾರದವರಿಗೆ ಸರ್ಕಾರಿ ಸೇವೆಯಲ್ಲಿ ನೆರವಾಗಬೇಕೆಂದು 2000ದಲ್ಲಿ ಹೊರಟಿದ್ದ ಅಧ್ಯಕ್ಷರ ಆದೇಶವೂ ರದ್ದಾಯಿತು. ಸರ್ಕಾರ ಕೊಟ್ಟದ್ದನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದು. ಜನ ಕಣ್ಣಿಟ್ಟಿರಬೇಕು.

ಸರಿ, ನಮ್ಮ ದೇಶದಲ್ಲಿ ಏನಿದೆ? ಭಾಷಾವಾರು ಪ್ರಾಂತಗಳಾದ ಮೇಲೆ ಪ್ರತಿ ರಾಜ್ಯದಲ್ಲೂ ಬೇರೆ ಭಾಷೆಯ ಜನ ಉಳಿದೇ ಉಳಿದರು. ಅವರ ಹಿತ ಕಾಯಲು 1956ರಲ್ಲಿ ಸಂವಿಧಾನಕ್ಕೆ 350ಬಿ ವಿಧಿ ಸೇರಿತು. 1957ರ ಜುಲೈಯಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ ಆರಂಭವಾಯಿತು. ನಮ್ಮ ಬೆಳಗಾವಿಯಲ್ಲೂ ಅದರದೊಂದು ವಲಯ ಕಚೇರಿ ಸ್ಥಾಪನೆಯಾಯಿತು. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳವರೂ ಪುಣೆಯ ನಾವೂ ಆ ಲೆಕ್ಕದಲ್ಲಿದ್ದೇವೆ.

ಆ ಕಚೇರಿಯ ಕೆಲಸದ ತಿರುಳು ಶಾಲೆ, ಪಠ್ಯಪುಸ್ತಕ, ನೌಕರಿಯ ನೇಮಕ, ಸರ್ಕಾರಿ ಸೂಚನೆಗಳ ಅನುವಾದ. ಒಂದು ಜಿಲ್ಲೆ ಅಥವಾ ತಾಲ್ಲೂಕಿನಲ್ಲಿ ಶೇಕಡಾ 15ರಷ್ಟು ಜನ ಒಂದು ಭಾಷೆಯವರಿದ್ದರೆ ಮುಖ್ಯ ನಿಯಮ, ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು ಅನ್ನುತ್ತದೆ ಒಂದು ಸೂತ್ರ. ಒಳ್ಳೆಯದೇ. ಸಂವಿಧಾನದ 350ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಕೊಡಬಹುದು ಅನ್ನುತ್ತದೆ. ಅರ್ಜಿ ಬರೆಯಲು ಸಂವಿಧಾನವೇ ಬೆನ್ನಿಗಿದೆ. ಎದೆನೋವು ಹೇಳಿಕೊಳ್ಳಲು ಬೆನ್ನಿಗೆ ಯಾರಿದ್ದಾರೆ?

ಆದಿವಾಸಿಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಿದವರಿದ್ದಾರೆ. ಗಡಚಿರೋಲಿಯ ಡಾ. ಅಭಯ್ ಬಂಗ್ ಅವರ ಅಧ್ಯಕ್ಷತೆಯಲ್ಲಿ 2013ರಲ್ಲಿ ಕೇಂದ್ರ ಸರ್ಕಾರ ಒಂದು ತಜ್ಞರ ಸಮಿತಿ ನೇಮಿಸಿತು. 2018ರಲ್ಲಿ ಬಂದ ಅದರ ವರದಿ, ಆದಿವಾಸಿಗಳ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯ ಬೇಕು ಅಂತ ಶಿಫಾರಸು ಮಾಡಿತು. ಬಂಗ್ ದಂಪತಿಗಳು ಗಡಚಿರೋಲಿಯಲ್ಲಿ ಆಸ್ಪತ್ರೆ ಕಟ್ಟುವ ಮುಂಚೆ ಅಲ್ಲಿನ ಜನರನ್ನೇ ಕೇಳಿದರು. ದೊಡ್ಡ ಕಟ್ಟಡ ಕಂಡರೆ ಆ ಜನಕ್ಕೆ ಭಯ. ಹಾಗಾಗಿ ಆಸ್ಪತ್ರೆಯನ್ನು ಹಾಡಿಯ ಹಾಗೆ ಗುಡಿಸಲುಗಳ ಸಾಲಾಗಿ ಕಟ್ಟಿದರು, ಅವರ ದೇವಿ ದಂತೇಶ್ವರಿಯ ಹೆಸರನ್ನೇ ಇಟ್ಟರು. ರೋಗಿ ಬರಬೇಕಾದರೆ ಮೊದಲು ಭಯ ಹೋಗಬೇಕು.

ಭಯ ಹುಟ್ಟಿಸಿದ ಕಚೇರಿಯ ಕಥೆಗೆ ದೂರ ಹೋಗಬೇಕಾಗಿಲ್ಲ, ಅದು ನಡೆದದ್ದು ಇದೇ ಪುಣೆಯಲ್ಲಿ. 1897ರಲ್ಲಿ ಊರಲ್ಲಿ ಪ್ಲೇಗ್ ಹಬ್ಬಿತ್ತು. ಬ್ರಿಟಿಷ್ ಸರ್ಕಾರ ವಾಲ್ಟರ್ ರ್‍ಯಾಂಡ್ ಎಂಬ ಅಧಿಕಾರಿಯ ಕೈಗೆ ವಿಶೇಷ ಪ್ಲೇಗ್ ಸಮಿತಿ ಕೊಟ್ಟಿತು. ಸೈನಿಕರು ಪೇಟೆಗಳ ಮನೆಮನೆಗೆ ನುಗ್ಗಿ ತಪಾಸಣೆ ಮಾಡಿದರು. ಅಡುಗೆಮನೆ, ದೇವರಮನೆ ನೋಡಲಿಲ್ಲ, ಹೆಂಗಸರ ಮಾನ ನೋಡಲಿಲ್ಲ. ಉದ್ದೇಶ ರೋಗ ತಡೆಯುವುದೇ ಇರಬಹುದು, ಆದರೆ ಜನ ರೋಗಿಗಳನ್ನು ಬಚ್ಚಿಡತೊಡಗಿದರು. ಆ ಸಿಟ್ಟು ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ್ ಸಹೋದರರ ಗುಂಡಾಗಿ ಸಿಡಿಯಿತು. ರ್‍ಯಾಂಡ್ ಕೆಲ ದಿನಗಳಲ್ಲೇ ಸತ್ತ.

ಅದೇ ವರ್ಷ, ಅದೇ ಊರಿನ ಅಂಚಿನಲ್ಲಿ ಇನ್ನೊಂದು ಚಿಕಿತ್ಸಾಲಯ ನಡೆಯುತ್ತಿತ್ತು. ಸಾವಿತ್ರಿಬಾಯಿ ಫುಲೆ ಮತ್ತು ಅವರ ಮಗ ಡಾ. ಯಶವಂತ ಹಡಪ್ಸರದ ಬಳಿ ಪ್ಲೇಗ್ ರೋಗಿಗಳನ್ನು ಆರೈಕೆ ಮಾಡುತ್ತಿದ್ದರು. ಮುಂಢವಾದ ಒಬ್ಬ ಹುಡುಗನನ್ನು ಆ ತಾಯಿ ಬೆನ್ನ ಮೇಲೆ ಹೊತ್ತು ತಂದರು. ಆ ಸೋಂಕು ಅವರಿಗೂ ತಗಲಿ ಮಾರ್ಚ್ 10ರಂದು ತೀರಿಕೊಂಡರು. ರೋಗ ಒಂದೇ, ಊರು ಒಂದೇ. ಒಂದು ಕಡೆ ಅಧಿಕಾರ ಬಾಗಿಲು ಒದ್ದಿತು, ಇನ್ನೊಂದು ಕಡೆ ಮನುಷ್ಯರು ಬೆನ್ನು ಕೊಟ್ಟರು. ಅಲ್ಪಸಂಖ್ಯಾತರ ಆರೋಗ್ಯಕ್ಕೆ ಕಚೇರಿ ಬೇಕು ಅಂತ ಕೇಳುವಾಗ ಯಾವ ಬಗೆಯದು ಬೇಕು ಅಂತಲೂ ಹೇಳಬೇಕಾಗುತ್ತದೆ.

ನನ್ನ ಬೇಡಿಕೆ ಸಣ್ಣದು. ಬಹುಮಹಡಿ ಭವನ ಬೇಡ, ನಾಮಫಲಕದ ಉದ್ಘಾಟನೆಯೂ ಬೇಡ. 1867ರಿಂದ ಬಡವರನ್ನು ಕಂಡಿರುವ ಸಸೂನ್ ಆಸ್ಪತ್ರೆ, ಪಿಂಪ್ರಿಯ ಯಶವಂತರಾವ್ ಚವ್ಹಾಣ ಆಸ್ಪತ್ರೆ, ಮಹಾನಗರಪಾಲಿಕೆಯ ಕಮಲಾ ನೆಹರೂ ಆಸ್ಪತ್ರೆ, ಇಂಥ ಕಡೆ ಒಂದು ಮೇಜು, ಒಂದು ಫೋನು, ಹೊಣೆ ಹೊತ್ತ ಒಬ್ಬ ಅಧಿಕಾರಿ. ಕೇಸ್ ಪೇಪರ್ ಮಾಡುವಾಗ ಹೆಸರು, ವಯಸ್ಸಿನ ಜೊತೆಗೆ ‘ಮನೆಮಾತು ಯಾವುದು?’ ಅನ್ನುವ ಒಂದು ಸಾಲು. ಯಾವ ವಾರ್ಡಿನಲ್ಲಿ ಯಾವ ನರ್ಸ್‌ಗೆ ಕನ್ನಡ, ತೆಲುಗು, ಒಡಿಯಾ ಬರುತ್ತದೆ ಎಂಬ ಪಟ್ಟಿ. ಸೂರ್ಯ, ಚಂದ್ರ, ತಟ್ಟೆಯ ಚಿತ್ರ ಹಾಕಿದ ಔಷಧಿ ಚೀಟಿ: ಓದು ಬಾರದವರಿಗೂ ಬೆಳಿಗ್ಗೆ ಯಾವುದು, ರಾತ್ರಿ ಯಾವುದು, ಊಟಕ್ಕೆ ಮುಂಚೆ ಯಾವುದು ತಿಳಿಯಲಿ. ಮನೆಮಾತಿನ ಲೆಕ್ಕ ಒಮ್ಮೆ ದಾಖಲಾದರೆ ಯಾರು ಎಲ್ಲಿ ಹಿಂದೆ ಬೀಳುತ್ತಿದ್ದಾರೆ ಎಂಬುದು ತಾನೇ ಕಾಣುತ್ತದೆ. ಲೆಕ್ಕಕ್ಕೆ ಸಿಗದವರಿಗೆ ಯೋಜನೆಯೂ ಸಿಗುವುದಿಲ್ಲ.

ಪರರಾಜ್ಯದವರಿಗೆ ಯಾರು ಮಾಡುತ್ತಾರೆ ಅಂತ ಕೇಳಬೇಡಿ. ಕೇರಳ ಸರ್ಕಾರ 2017ರಲ್ಲಿ ‘ಆವಾಸ್’ ಹೆಸರಿನಲ್ಲಿ ಹೊರರಾಜ್ಯದ ಕಾರ್ಮಿಕರಿಗೆಂದೇ ಆರೋಗ್ಯ ವಿಮೆ ಆರಂಭಿಸಿತು. ಮನಸ್ಸಿದ್ದರೆ ಮಾರ್ಗ.

ಇಲ್ಲಿ ನಮ್ಮ ಪ್ರಾಮಾಣಿಕತೆಗೂ ಒಂದು ಪರೀಕ್ಷೆ ಇದೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮಾ ಜೋತಿರಾವ್ ಫುಲೆ ಆರೋಗ್ಯ ಯೋಜನೆಯನ್ನು ಗಡಿಯಾಚೆ ಕರ್ನಾಟಕದಲ್ಲಿರುವ 865 ಊರುಗಳಿಗೆ ವಿಸ್ತರಿಸಲು ತೀರ್ಮಾನಿಸಿತು. ಕರ್ನಾಟಕ ಬಲವಾಗಿ ವಿರೋಧಿಸಿತು. ನೆಲದ ಮೇಲೆ ಹಕ್ಕು ಸಾಧಿಸಲು ಆರೋಗ್ಯವನ್ನು ಬಳಸುವುದು ಸರಿಯಲ್ಲ ಅನ್ನುವ ಮಾತಿನಲ್ಲಿ ನ್ಯಾಯವಿದೆ. ಆದರೆ ಬೆಳಗಾವಿಯ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಮರಾಠಿ ಅಜ್ಜಿ ‘ಚಕ್ಕರ್ ಯೇತೇ’ ಅಂದಾಗ, ಅವರಿಗೆ ತಲೆ ತಿರುಗುತ್ತಿದೆ ಅಂತ ತಿಳಿದುಕೊಳ್ಳುವ ಹೊಣೆ ಕರ್ನಾಟಕದ್ದೇ. ಪುಣೆಯಲ್ಲಿ ನಾವು ಕೇಳುವುದನ್ನು ಬೆಳಗಾವಿಯಲ್ಲಿ ಅವರಿಗೆ ಕೊಡಲು ಸಿದ್ಧರಿದ್ದರೆ ಮಾತ್ರ ನಮ್ಮ ಮಾತಿಗೆ ತೂಕ. ಗಡಿ ನಕ್ಷೆಯಲ್ಲಿರುತ್ತದೆ, ಜ್ವರಕ್ಕೆ ಅದು ಗೊತ್ತಿಲ್ಲ.

ಸರ್ಕಾರ ಮಾಡುವ ತನಕ ಸುಮ್ಮನಿರಬೇಕಾಗಿಲ್ಲ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಒಂದು ಹಾಳೆಯಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದಿಡಿ: ವಯಸ್ಸು, ಇರುವ ಕಾಯಿಲೆ, ನುಂಗುವ ಗುಳಿಗೆ, ಯಾವ ಔಷಧಿ ಒಗ್ಗುವುದಿಲ್ಲ, ನಿಮ್ಮ ಫೋನ್ ನಂಬರ್. ಅದು ಅವರ ಚೀಲದಲ್ಲೇ ಇರಲಿ. ನಿಮ್ಮ ಕಟ್ಟಡದ ಪಕ್ಕ ಕೆಲಸ ನಡೆಯುತ್ತಿದ್ದರೆ, ಅಲ್ಲಿನ ತಗಡಿನ ಶೆಡ್ಡುಗಳಲ್ಲಿ ಕಲಬುರಗಿಯ, ಯಾದಗಿರಿಯ ಮಾತು ಕೇಳಿಸಿದರೆ ‘ಯಾವೂರ್ರೀ?’ ಅಂತ ಒಮ್ಮೆ ಮಾತಾಡಿಸಿ. ಆಸ್ಪತ್ರೆಗೆ ಹೋಗುವ ದಿನ ಜೊತೆಗೊಬ್ಬರು ಬೇಕೇ ಅಂತ ಕೇಳಿ. ನೀವು ನರ್ಸ್ ಆಗಿದ್ದರೆ, ಡಾಕ್ಟರಾಗಿದ್ದರೆ, ಔಷಧಿ ಅಂಗಡಿಯಲ್ಲಿದ್ದರೆ ‘ನನಗೆ ಕನ್ನಡ ಬರುತ್ತದೆ’ ಅನ್ನುವ ಸಣ್ಣ ಚೀಟಿ ಎದುರಿಗೆ ಅಂಟಿಸಿ. ಖರ್ಚು ಏನೂ ಇಲ್ಲ.

ನಮ್ಮ ಕನ್ನಡ ಸಂಘಗಳ ಹಿರಿಯರಲ್ಲಿ ಒಂದು ವಿನಂತಿ. ರಾಜ್ಯೋತ್ಸವಕ್ಕೆ ಧ್ವಜ ಏರಿಸೋಣ, ನಾಟಕ ಆಡೋಣ. ಜೊತೆಗೆ ಈ ಸಲ ಒಂದು ಮನವಿಯನ್ನೂ ಬರೆಯೋಣ. ಮಹಾನಗರಪಾಲಿಕೆಗೊಂದು ಪ್ರತಿ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೊಂದು ಪ್ರತಿ. ಕೇಳುವುದು ಒಂದೇ ಸಾಲು: ಆಸ್ಪತ್ರೆಯಲ್ಲಿ ರೋಗಿಯ ಮಾತು ಅರ್ಥವಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಯಾರಾದರೊಬ್ಬರ ಹೆಸರಿಗೆ ಬರೆಯಿರಿ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ.

ನಿಮ್ಮ ಅನುಭವ, ಸಲಹೆಗಳನ್ನು ಬರೆದು ಕಳಿಸಿ. ಮುಂದಿನ ಕಾರ್ಯಕ್ರಮಗಳಲ್ಲಿ ಓದುತ್ತೇನೆ. ಅಲ್ಲಿಯವರೆಗೆ ಹುಷಾರಾಗಿರಿ, ಪಕ್ಕದವರನ್ನೂ ಹುಷಾರಾಗಿ ನೋಡಿಕೊಳ್ಳಿ.