ತೋಟದ ಮೇಲಿನ ತಂತಿ

ಆಷಾಢದ ಗಾಳಿಗೆ ಕಳಸದ ಕಡೆ ಒಂದು ಸಿಲ್ವರ್ ಓಕ್ ತಂತಿಯ ಮೇಲೆ ಬಿದ್ದರೆ ಊರಿಡೀ ಕತ್ತಲು. ನಾವು ಬೈಯುವುದು ಮಾತ್ರ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ನನ್ನು!

ಕರೆಂಟು ಬರುವ ದಾರಿ ಉದ್ದದ್ದು. ಶರಾವತಿಯಲ್ಲಿ ಸುಮಾರು 11 ಸಾವಿರ ವೋಲ್ಟಿನಲ್ಲಿ ಹುಟ್ಟಿದ್ದನ್ನು 2 ಲಕ್ಷ 20 ಸಾವಿರಕ್ಕೆ ಏರಿಸಿ ಕಳಿಸುತ್ತಾರೆ. ವೋಲ್ಟೇಜು ಹತ್ತು ಪಟ್ಟಾದರೆ ಅಷ್ಟೇ ವಿದ್ಯುತ್ತಿಗೆ ತಂತಿಯಲ್ಲಿ ಹರಿಯುವ ಪ್ರವಾಹ ಹತ್ತನೇ ಒಂದು ಪಾಲು ಸಾಕು. ತಂತಿ ಬಿಸಿಯಾಗಿ ಪೋಲಾಗುವುದು ನೂರನೇ ಒಂದು ಪಾಲು. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿದ್ದು ಇದೇ ಉಪಾಯದಿಂದ.

ಸಬ್‌ಸ್ಟೇಷನ್ನುಗಳಲ್ಲಿ ಇಳಿಯುತ್ತಾ ಬಂದು, ಊರ ಟ್ರಾನ್ಸ್‌ಫಾರ್ಮರಿನಲ್ಲಿ (ಟಿಸಿ) ಮನೆಯ 230 ವೋಲ್ಟ್ ಆಗುವ ಮೊದಲು, ಅದು 11 ಸಾವಿರದ ಲೈನಾಗಿ ಮೂಡಿಗೆರೆಯ ತೋಟಗಳ ಮೇಲೆ ಹಾಯುತ್ತದೆ. ಮೆಣಸು ಕೊಯ್ಯುವವರ ಅಲ್ಯೂಮಿನಿಯಂ ಏಣಿ ತಾಗುವುದು ಅದಕ್ಕೇ. ಆ ತಂತಿಗೆ ಸಾಮಾನ್ಯವಾಗಿ ಹೊದಿಕೆ ಇರುವುದಿಲ್ಲ.