ಪಾದದ ಉರಿಗೆ ಕರೆಂಟಿನ ಮ್ಯಾಟು
(ಮಹಿಳಾ ವಿಭಾಗದ ಆರೋಗ್ಯ ಗೋಷ್ಠಿಯಲ್ಲಿ ಆಡಿದ ಮಾತು)

ಹೋದ ಸಲ ಸೇರಿದಾಗ ನಿಮ್ಮಲ್ಲಿ ಮೂವರು ನನ್ನನ್ನು ಮೂಲೆಗೆ ಕರೆದು ಒಂದೇ ಪ್ರಶ್ನೆ ಕೇಳಿದಿರಿ: "ಪಾದದ ಉರಿಗೆ ಕರೆಂಟಿನ ಮ್ಯಾಟ್ ತಗೊಳ್ಳೋದಾ? ನರ ಮತ್ತೆ ಬೆಳೆಯುತ್ತಂತೆ." ಜೀವಶಾಸ್ತ್ರ ಪಾಠ ಮಾಡಿದವಳು ಅಂತ ಕೇಳಿದ್ದು.

ಮಾರುವವರ ಮಾತು ಪೂರ್ತಿ ಸುಳ್ಳಲ್ಲ. ಜೀವಕೋಶದ ಪೊರೆ ಗೋಡೆಯ ಹಾಗೆ ಗಟ್ಟಿಯಲ್ಲ, ಎಣ್ಣೆಯ ಪದರದ ಹಾಗೆ. ಸಂದೇಶ ಹಿಡಿಯುವ ಗ್ರಾಹಕ ಪ್ರೋಟೀನುಗಳು ಅದರಲ್ಲಿ ತೇಲುತ್ತವೆ. 1978ರಲ್ಲಿ ಒರಿಡಾ ಮತ್ತು ಮು-ಮಿಂಗ್ ಪೂ, ಕಪ್ಪೆ ಭ್ರೂಣದ ಸ್ನಾಯುಕೋಶಗಳಿಗೆ ಮಂದವಾದ ವಿದ್ಯುತ್ ಕ್ಷೇತ್ರ ಕೊಟ್ಟರು. ನರದ ಸಂದೇಶ ಹಿಡಿಯುವ ಅಸಿಟೈಲ್‌ಕೋಲಿನ್ ಗ್ರಾಹಕಗಳು ಋಣಧ್ರುವದ ಕಡೆ ಸರಿದು ಗುಂಪಾದವು. 1981ರಲ್ಲಿ ಹಿಂಕಲ್, ಮೆಕೇಗ್, ರಾಬಿನ್‌ಸನ್ ಕಪ್ಪೆಯ ಎಳೆಯ ನರಕೋಶಗಳನ್ನೇ ಹೀಗಿಟ್ಟು ನೋಡಿದರು. ಕಿಟಕಿಯ ಬೆಳಕಿಗೆ ಮನಿ ಪ್ಲಾಂಟ್ ವಾಲುವಂತೆ, ಬೆಳೆಯುವ ನರದ ತುದಿ ಋಣಧ್ರುವದತ್ತ ಬಾಗಿತು. ಮಿಲಿಮೀಟರಿಗೆ 7 ಮಿಲಿವೋಲ್ಟ್ ಸಾಕಾಯಿತು. ಟೀವಿ ರಿಮೋಟಿನ ಒಂದು ಸೆಲ್ಲಿನ ಒಂದೂವರೆ ವೋಲ್ಟನ್ನು ಒಂದು ಗೇಣುದ್ದಕ್ಕೆ ಹರಡಿದರೆ ಹೆಚ್ಚುಕಡಿಮೆ ಅಷ್ಟೇ! ನನಗಿದು ಇವತ್ತಿಗೂ ಬೆರಗು.

ಆದರೆ ಅಲ್ಲಿ ಕೋಶಗಳು ಬಟ್ಟಲಿನ ದ್ರವದಲ್ಲಿದ್ದವು, ನಡುವೆ ಚರ್ಮ, ಕೊಬ್ಬು ಏನೂ ಇರಲಿಲ್ಲ. ವಿದ್ಯುತ್ತು ಗಂಟೆಗಟ್ಟಲೆ ಒಂದೇ ದಿಕ್ಕಿಗೆ ಹರಿಯಿತು. ನರ ಬಾಗಿದ್ದು ಆ ದಿಕ್ಕು ಹಿಡಿದು. ನನ್ನ ಅಕ್ಕನ ಮನೆಯ ಮ್ಯಾಟಿನ ಕೈಪಿಡಿ ಓದಿದೆ: ಅದರ ಮಿಡಿತ ಸೆಕೆಂಡಿಗೆ ಹಲವು ಸಲ ದಿಕ್ಕು ಬದಲಿಸುತ್ತದೆ. ಪಾಪ, ನರ ಯಾವ ಕಡೆ ಬಾಗಬೇಕು? ಇಂಥ ಮಿಡಿತದಿಂದ ಕೆಲವರಿಗೆ ನೋವು ತಗ್ಗಬಹುದು, ಅದು ಬೇರೆ ಮಾತು.

ಕೈಪಿಡಿ ಓದಿದ್ದು ತಡವಾಗಿ. ಅಕ್ಕನಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ. "ಜುಮ್ಮೆನ್ನುತ್ತೆ ಕಣೇ, ನರ ಎಚ್ಚರ ಆಗ್ತಿದೆ" ಅಂತ ದಿನಾ ಅರ್ಧ ಗಂಟೆ ಅದರ ಮೇಲೆ ಕಾಲಿಟ್ಟು ಕೂರುತ್ತಿದ್ದಳು. ಎರಡು ತಿಂಗಳಲ್ಲಿ ಉರಿ ಹೋಯಿತು. ಫೋನಿನಲ್ಲಿ ನಾನೂ "ಒಳ್ಳೇದಾಯ್ತು ಬಿಡು" ಅಂದೆ, ಇಷ್ಟೆಲ್ಲ ಪಾಠ ಮಾಡಿದವಳು! ಉರಿಯ ಜೊತೆ ಸ್ಪರ್ಶವೂ ಹೋಗಿತ್ತು. ಚಪ್ಪಲಿಯ ಮೊಳೆ ಚುಚ್ಚಿದ್ದು ಅವಳಿಗೆ ತಿಳಿಯಲೇ ಇಲ್ಲ. ಒಂದು ಬೆರಳು ತೆಗೆಸಬೇಕಾಯಿತು.

ಆ ಮೂವರೂ ಮೊದಲು ಮೊನೊಫಿಲಮೆಂಟ್ ಪರೀಕ್ಷೆ ಮಾಡಿಸಿ. ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ರಾತ್ರಿ ಮಲಗುವ ಮುಂಚೆ ಕೈಗನ್ನಡಿಯಲ್ಲಿ ಅಂಗಾಲು ನೋಡಿಕೊಳ್ಳಿ. ಅಕ್ಕ ಈಗ ವೀಡಿಯೋ ಕಾಲಿನಲ್ಲಿ ನನಗೂ ತೋರಿಸುತ್ತಾಳೆ.

ಊಟಕ್ಕೆ ಇನ್ನೂ ಹತ್ತು ನಿಮಿಷ ಇದೆ. ಪ್ರಶ್ನೆ ಇದ್ದರೆ ಕೇಳಿ, ಈ ಸಲ ಮೂಲೆಗೆ ಕರೆಯಬೇಡಿ.