ಕುಲಪತಿ ಕುರ್ಚಿ ಮತ್ತು ನಾವು



ಕುಲಪತಿ ಯಾರಾದ್ರೆ ನಮಗೇನು, ಹಾಸ್ಟೆಲ್ ಸಾರು ಗಟ್ಟಿಯಾಗುತ್ತಾ ಅಂತ ನಾವು ಅಂದುಬಿಡ್ತೇವೆ. ಆದರೆ ಅಧ್ಯಾಪಕರ ನೇಮಕ, ಪರೀಕ್ಷೆ, ಸಂಶೋಧನಾ ಸೀಟು, ಎಲ್ಲದರ ಬೇರೂ ಆ ಕುರ್ಚಿಯ ಕೆಳಗೇ ಇದೆ.

ತಲಘಟ್ಟಪುರಕ್ಕೆ ಜ್ಞಾನಭಾರತಿ ದೂರವಲ್ಲ. ಅಲ್ಲಿನ ಬೆಂಗಳೂರು ವಿಶ್ವವಿದ್ಯಾಲಯಕ್ಕೆ 2018ರಲ್ಲಿ ರಾಜ್ಯಪಾಲರು ಕುಲಪತಿಯನ್ನು ನೇಮಿಸಿದರು. ಸರ್ಕಾರದ ಸಹಮತಿ ಇಲ್ಲವೆಂದು ಹೈಕೋರ್ಟು 2019ರಲ್ಲಿ ಆ ನೇಮಕ ರದ್ದು ಮಾಡಿತು. ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯುವಾಗ 2022. ಅಷ್ಟರಲ್ಲಿ ನಾಲ್ಕು ವರ್ಷದ ಅವಧಿಯೇ ಮುಗಿಯುತ್ತಾ ಬಂದಿತ್ತು.

ಆ ಜಗಳ ನಡೆದದ್ದು 'ಸಹಮತಿ' ಎಂಬ ಒಂದು ಪದಕ್ಕೆ. ರಾಜಭವನ ದೊಡ್ಡದೋ ವಿಧಾನಸೌಧ ದೊಡ್ಡದೋ ಎಂದು. ಆದರೆ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಯ 14ನೇ ಪ್ರಕರಣದಲ್ಲಿ, ಆ ಪದದ ಪಕ್ಕದಲ್ಲೇ ಇನ್ನೊಂದು ಮಾತಿದೆ: ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯವನ್ನು ಗಮನದಲ್ಲಿಟ್ಟು ನೇಮಿಸಬೇಕು. ಇದು ಯಾರ ಭಿಕ್ಷೆಯೂ ಅಲ್ಲ, ಕಾನೂನು.

ಸಹಮತಿಗಾಗಿ ಹೊಡೆದಾಡೋಕೆ ದೊಡ್ಡವರಿದ್ದಾರೆ. ಸಾಮಾಜಿಕ ನ್ಯಾಯಕ್ಕಾಗಿ ಕೇಳೋರು ಯಾರು? ನಾವೇ. ಕಾಯಿದೆ ಪುಸ್ತಕ ತರಿಸಿ, ಹಾಸ್ಟೆಲಿನಲ್ಲಿ ಕೂತು ಒಟ್ಟಿಗೆ ಓದೋಣ. ಶೋಧನಾ ಸಮಿತಿ ಮುಂದಿನ ಪಟ್ಟಿ ಕಟ್ಟುವ ಮೊದಲೇ ಕೇಳೋಣ: ಅದರಲ್ಲಿ ನಮ್ಮವರೆಷ್ಟು?